ನರಸೀಪುರದ ಬ್ಯಾಕಪ್ಪು

ಸಕ್ಕರೆ ಕಾರ್ಖಾನೆಯ ಒಂದು ಬಾಗಿಲ ಮೇಲೆ ‘ಕಂಪ್ಯೂಟರ್ ವಿಭಾಗ’ ಎಂದು ಬೋರ್ಡು ಇತ್ತು. ಒಳಗೆ ಬಂದು ನೋಡಿದರೆ ನಾನೊಬ್ಬನೇ. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎನ್ನುತ್ತಾರಲ್ಲ, ಹಾಗೆ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಕಾರ್ಖಾನೆ ಇದ್ದದ್ದು ನಂಜನಗೂಡಿನ ಆಚೆ. ಅದರ ಹೆಸರು ಇಲ್ಲಿ ಬೇಡ. ಅಲ್ಲೊಂದು ಯುನಿಕ್ಸ್ ಸರ್ವರ್ ಇತ್ತು. ಕಬ್ಬು ನೋಂದಾಯಿಸುವ ಕಚೇರಿಗಳಿದ್ದ ನಂಜನಗೂಡು ಪೇಟೆ, ಟಿ. ನರಸೀಪುರ, ಬನ್ನೂರು, ಈ ಮೂರು ಕಡೆಯೂ ಒಂದೊಂದು ಸರ್ವರ್. ನಾಲ್ಕನ್ನೂ ನೋಡಿಕೊಳ್ಳುವುದು ನನ್ನ ಕೆಲಸ. ಅದಕ್ಕಾಗಿ ಕಾರ್ಖಾನೆ ನನಗೆ ಒಂದು ಟೂಲ್ ಕಿಟ್ಟು, ಒಂದು ಬಸ್ ಪಾಸು ಕೊಟ್ಟಿತ್ತು.

ಆ ಯಂತ್ರಗಳೊಳಗೆ ಇದ್ದದ್ದು ಸರದಿ. ಯಾರು ಯಾವ ದಿನ ಕಬ್ಬು ನಾಟಿ ಮಾಡಿದರು, ಯಾವ ತಳಿ, ಹೊಸ ನಾಟಿಯೋ ಅಥವಾ ಕಡಿದ ಬುಡದಿಂದ ಚಿಗುರಿದ ಕೂಳೆಯೋ, ಎಲ್ಲ ಅದರಲ್ಲಿ. ಆ ಲೆಕ್ಕದ ಮೇಲೆ ಕಟಾವಿನ ಸರದಿ ಗೊತ್ತಾಗುತ್ತಿತ್ತು. ಸರದಿ ಬಂದವರಿಗೆ ಕಟಾವು ಚೀಟಿ ಹೋಗುತ್ತಿತ್ತು. ಚೀಟಿ ಇಲ್ಲದೆ ಕಡಿದ ಕಬ್ಬನ್ನು ಕಾರ್ಖಾನೆ ತೂಕಕ್ಕೇ ಹಾಕುತ್ತಿರಲಿಲ್ಲ. ಯಾವುದಾದರೂ ಊರಿನ ಡಿಸ್ಕು ಹೋದರೆ ಆ ಭಾಗದ ರೈತರ ಸರದಿಯೂ ಅದರ ಜೊತೆ ಹೋದಂತೆಯೇ. ಎಲ್ಲವನ್ನೂ ಮತ್ತೆ ವಿಚಾರಿಸಿ ಟೈಪು ಹೊಡೆಯುವಷ್ಟರಲ್ಲಿ ಕಟಾವಿನ ಕಾಲ ಮುಗಿದಿರುತ್ತಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದು ಬೇಡವೆಂದು ನಾನು ಮುಂಗಾರಿನಲ್ಲೇ ಬ್ಯಾಕಪ್ಪಿನ ಕೆಲಸ ಹಿಡಿದೆ.

ತೊಡಕುಗಳು ಸಾಕಷ್ಟಿದ್ದವು. ಟೇಪಿನ ಮೇಲೆ ಪ್ರತಿ ಬರೆಯುವ ಯಂತ್ರ ಇದ್ದದ್ದು ಒಂದೇ, ಅದೂ ಕಾರ್ಖಾನೆಯಲ್ಲಿ. ಉಳಿದ ಮೂರು ಊರು ತಮ್ಮ ಪ್ರತಿಯನ್ನು ಮೋಡೆಮ್ ಮೂಲಕ, ಅಂದರೆ ಮಾಮೂಲಿ ಟೆಲಿಫೋನ್ ತಂತಿಯ ಮೇಲೆ, ಅಲ್ಲಿಗೆ ಕಳಿಸಬೇಕು. ಕಾರ್ಖಾನೆಯಲ್ಲಿ ಮೋಡೆಮ್ಮಿಗೆ ಕೊಟ್ಟಿದ್ದದ್ದೂ ಒಂದೇ ಲೈನು. ರಾತ್ರಿ ಮಾಡೋಣವೆಂದರೆ ಕಚೇರಿಗಳೆಲ್ಲ ಬಾಡಿಗೆ ಮನೆಗಳಲ್ಲಿದ್ದವು. ಸಂಜೆ ಬೀಗ ಹಾಕುವಾಗ ಮೇನ್ ಸ್ವಿಚ್ಚು ಆರಿಸಿ ಹೋಗಬೇಕೆಂದು ಮನೆ ಮಾಲೀಕರ ಕಟ್ಟಪ್ಪಣೆ. ಹಾಗಾಗಿ ಉಳಿದದ್ದು ಮಧ್ಯಾಹ್ನದ ಊಟದ ಹೊತ್ತು. ಆಗ ಯಾರೂ ಯಂತ್ರದಲ್ಲಿ ಹೊಸದೇನೂ ಹೊಡೆಯುತ್ತಿರಲಿಲ್ಲ.

ಈ ಕೆಲಸಕ್ಕೆಂದು ನರಸೀಪುರದ ಕಚೇರಿಯಲ್ಲಿ ಕೂತಿದ್ದಾಗಲೇ ಆ ಬೆಳೆಗಾರ್ತಿಯನ್ನು ಮೊದಲ ಸಲ ನೋಡಿದ್ದು. ಐವತ್ತರ ಆಸುಪಾಸಿನವರು. ಗಂಡನ ಕಾಲಿಗೆ ಪೆಟ್ಟಾದ ಮೇಲೆ ಗೇಯ್ಮೆಯೆಲ್ಲ ಅವರದೇ. ಅವರ ಕಬ್ಬಿನ ತಾಕು ಸುತ್ತಲೂ ಬೇರೆಯವರ ಭತ್ತದ ಗದ್ದೆಗಳ ನಡುವೆ ಇತ್ತು, ಗಾಡಿ ದಾರಿ ಇರಲಿಲ್ಲ. ಕಡಿದ ಕಬ್ಬು ರಸ್ತೆಗೆ ಬರಬೇಕಾದರೆ ಎತ್ತಿನ ಗಾಡಿ ಪಕ್ಕದವರ ಗದ್ದೆಯನ್ನು ದಾಟಬೇಕು. ಪಕ್ಕದವರು ಭತ್ತ ಕೊಯ್ದು ಮುಗಿಸಿ, ಮತ್ತೆ ನಾಲೆಯಲ್ಲಿ ನೀರು ಬಂದು ಗದ್ದೆ ಕೆಸರಾಗುವ ಮುಂಚೆ, ಸಂಕ್ರಾಂತಿಯ ಆಚೀಚೆ ಸಿಗುವ ಸ್ವಲ್ಪ ದಿನದ ಬಿಡುವಿನಲ್ಲೇ ಅದು ಆಗಬೇಕು.

“ಓದ್ ವರ್ಸ ಕಟಾವ್ ಚೀಟಿ ತಡ್ವಾಯ್ತು ಕಣಪ್ಪ” ಎಂದರು ಅವರು, ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತು. “ಅಷ್ಟೊತ್ಗೆ ಪಕ್ಕದ್ ಗದ್ದೆಗೆ ನೀರ್ ಬುಟ್ಬುಟ್ಟಿದ್ರು. ಗಾಡಿ ಇಳ್ಸದೆಂಗೆ? ಕಬ್ಬು ನಿಂತಲ್ಲೇ ಒಣ್ಗಿ ಬೆಂಡಾಯ್ತು. ಈ ಸಲನೂ ಅಂಗಾದ್ರೆ ಜಮೀನ್ನ ಇನ್ನೊಬ್ರಿಗೆ ಗುತ್ಗೆ ಕೊಟ್ಟು ನಾನು ಕೂಲಿಗೋಗದೇಯ.”

ಈ ಸಲ ಹಾಗಾಗುವುದಿಲ್ಲ, ನಿಮ್ಮ ವಿವರವೆಲ್ಲ ಕಂಪ್ಯೂಟರಿನಲ್ಲಿದೆ ಎಂದೆ. ಅವರು ಸರ್ವರಿನ ಕಡೆ ನೋಡಿ, “ಆ ಪೆಟ್ಗೆ ಕೆಟ್ಟೋದ್ರೆ?” ಎಂದರು.

“ಇನ್ನೊಂದು ಪ್ರತಿ ನಂಜನಗೂಡಿನ ಕಾರ್ಖಾನೇಲಿ ಇರ್ತದೆ ಕಣವ್ವ.”

“ಅಂಗಾರೆ ಸರಿ” ಎಂದರು. ಆದರೆ ಸರಿ ಎಂದು ಅವರಿಗೆ ಅನಿಸಿದಂತೆ ಕಾಣಲಿಲ್ಲ.

ಮೊದಲ ಏರ್ಪಾಡು ಗಡಿಯಾರದ ಪ್ರಕಾರ. ಯುನಿಕ್ಸಿನಲ್ಲಿ ಕ್ರಾನ್ ಎಂಬ ಒಂದು ವ್ಯವಸ್ಥೆ ಇದೆ. ಇಂಥ ಹೊತ್ತಿಗೆ ಇಂಥ ಕೆಲಸ ಎಂದು ಬರೆದಿಟ್ಟರೆ ಯಾರೂ ನೆನಪಿಸದೆ ಮಾಡುತ್ತದೆ. ಊಟದ ಹೊತ್ತು ಶುರುವಾದ ಕೂಡಲೇ ಬನ್ನೂರಿನ ಯಂತ್ರ ತನ್ನ ಕಡತಗಳನ್ನೆಲ್ಲ ಒಂದೇ ಗಂಟು ಕಟ್ಟಿ, ಒತ್ತಿ ಸಣ್ಣದು ಮಾಡಿ, ಕಾರ್ಖಾನೆಗೆ ಫೋನ್ ಹಚ್ಚಿ ಕಳಿಸಬೇಕು. ಅರ್ಧ ಗಂಟೆ ಬಿಟ್ಟು ನರಸೀಪುರ. ಮತ್ತರ್ಧ ಗಂಟೆ ಬಿಟ್ಟು ನಂಜನಗೂಡು. ಬಂದ ಮೂರು ಗಂಟನ್ನೂ ಕಾರ್ಖಾನೆಯದರ ಜೊತೆ ಸೇರಿಸಿ ಸಂಜೆ ಮನೆಗೆ ಹೊರಡುವ ಮುಂಚೆ ನಾನು ಟೇಪಿಗೆ ಹಾಕಬೇಕು. ಕಾಗದದ ಮೇಲೆ ಬಹಳ ಚೆನ್ನಾಗಿತ್ತು. ಕಬ್ಬು ವಿಭಾಗದ ಮ್ಯಾನೇಜರು ಅದನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಗೋಡೆಗೆ ಅಂಟಿಸಿಕೊಂಡರು.

ಮೊದಲ ವಾರವೇ ಗೋಡೆಯ ಮೇಲಿನದು ಗೋಡೆಯ ಮೇಲೆ ಮಾತ್ರ ನಡೆಯಿತು. ಬನ್ನೂರಿನ ಲೈನಿನಲ್ಲಿ ಗರಗರ ಶಬ್ದ ಹೆಚ್ಚು. ಅಲ್ಲಿನ ಗಂಟು ಬರುವುದು ತಡವಾಗಿ, ನರಸೀಪುರದ ಯಂತ್ರ ಫೋನ್ ಮಾಡಿದಾಗ ಎಂಗೇಜ್. ಯಂತ್ರಗಳೊಳಗಿನ ಗಡಿಯಾರದ ಸೆಲ್ಲುಗಳು ಹಳೆಯವು, ಒಂದು ಹಿಂದೆ ಬಿದ್ದರೆ ಇನ್ನೊಂದು ಮುಂದೆ ಓಡುತ್ತಿತ್ತು. ಒಂದು ದಿನ ಎರಡೂ ಊರು ಒಂದೇ ಗಳಿಗೆಯಲ್ಲಿ ಫೋನಿಗೆ ಕೈಹಾಕಿ ಎರಡೂ ಸೋತವು. ಸಾಲದ್ದಕ್ಕೆ ಬನ್ನೂರಿನ ಕಬ್ಬು ಸೂಪರ್‌ವೈಸರು ಕಳಿಸುವ ಹೊತ್ತಿನಲ್ಲೇ ರಿಸೀವರ್ ಎತ್ತಿದ್ದರು. ಮೋಡೆಮ್ಮಿನ ಕಿರುಚಾಟ ಕಿವಿಗೆ ಬಿದ್ದು ಹೌಹಾರಿ, ಎದುರಿನ ಎಸ್‌ಟಿಡಿ ಬೂತಿಗೆ ಓಡಿ ಅಲ್ಲಿಂದ ಕಾರ್ಖಾನೆಯ ಇನ್ನೊಂದು ನಂಬರಿಗೆ ಫೋನ್ ಮಾಡಿದರು.

“ಸಾ, ನಿಮ್ ಲೈನಲ್ಲಿ ಯಾರೋ ಬಾಯ್ ಬಾಯ್ ಬಡ್ಕತಾವ್ರೆ. ಅಲ್ಲಿ ಯಾರ್ಗೂ ಏನೂ ಆಗಿಲ್ಲ ತಾನೆ?”

ನಾನು ರೇಗಿದೆ. ಆಮೇಲೆ ನಗು ಬಂತು. ಎಲ್ಲ ಕೇಳಿಸಿಕೊಂಡ ಮೇಲೆ ಅದಕ್ಕೆ ಮದ್ದು ಕಂಡುಹಿಡಿದವರೂ ಅವರೇ. ಊಟಕ್ಕೆ ಏಳುವಾಗ ಹೆಗಲ ಮೇಲಿನ ಟವೆಲ್ಲನ್ನು ಫೋನಿನ ಮೇಲೆ ಹಾಕಿ ಹೋದರು. ಬಸ್ಸಿನ ಸೀಟಿಗೆ ಟವೆಲ್ ಹಾಕಿದ್ದರೆ ನಮ್ಮ ಕಡೆ ಯಾರೂ ಕೂರುವುದಿಲ್ಲ. ಫೋನಿಗೂ ಅದೇ ಮರ್ಯಾದೆ ಸಿಕ್ಕಿತು. ಮೂರೂ ಕಚೇರಿಗಳಲ್ಲಿ ಅದೇ ಕ್ರಮವಾಯಿತು. ನಾನು ಊರೂರಿನ ನಡುವಿನ ಬಿಡುವನ್ನು ಹೆಚ್ಚಿಸಿ, ಗಡಿಯಾರದ ಸೆಲ್ಲು ಬದಲಾಯಿಸಿದೆ. ಆಮೇಲೆ ಪ್ರತಿ ಸಂಜೆಯೂ ಪರದೆಯ ಮೇಲೆ ‘ಬಂತು, ಬಂತು, ಬಂತು’ ಎಂಬ ಅರ್ಥದ ಮೂರು ಸಾಲು ಬರತೊಡಗಿದವು. ನೆಮ್ಮದಿಯಾಗಿ ಟೇಪು ಹಾಕಿ ಮನೆಗೆ ಹೋಗುತ್ತಿದ್ದೆ.

ದಸರಾ ಕಳೆದ ಮೇಲೆ ನರಸೀಪುರಕ್ಕೆ ಹೋದಾಗ ಆ ಬೆಳೆಗಾರ್ತಿ ಮತ್ತೆ ಸಿಕ್ಕರು. ಈ ಸಲ ನೇರವಾಗಿ ವಿಷಯಕ್ಕೇ ಬಂದರು.

“ನಂದು ನಂಜನಗೂಡಲ್ಲೂ ಅದೆ ಅಂತ ಏಳಿದ್ರಲ್ಲ. ಒಸಿ ತಂದು ತೋರ್ಸಪ್ಪ.”

“ಅದು ಅಲ್ಲೇ ಭದ್ರವಾಗೈತೆ ಕಣವ್ವ.”

“ಭದ್ರವಾಗಿದ್ರೆ ತೋರ್ಸಕ್ಕೇನು?”

ಕಚೇರಿಯಲ್ಲಿದ್ದವರೆಲ್ಲ ನಕ್ಕರು. ನನಗೆ ಕಿರಿಕಿರಿಯಾಯಿತು. ಮಾರನೆಯ ದಿನ ಕಾರ್ಖಾನೆಯಲ್ಲಿ, ಅವರ ಒಂದು ಸಾಲನ್ನು ಮುದ್ರಿಸಿ ಕೊಟ್ಟು ಬಾಯಿ ಮುಚ್ಚಿಸೋಣವೆಂದು ನರಸೀಪುರದ ಗಂಟನ್ನು ಬಿಚ್ಚಲು ಹಚ್ಚಿದೆ. ಹೆಸರುಗಳು ಸರಸರನೆ ಪರದೆಯ ಮೇಲೆ ಹರಿದವು. ನಡುವೆ ತಟ್ಟನೆ ನಿಂತವು. ಗಂಟು ಅರ್ಧಕ್ಕೇ ಮುಗಿದಿತ್ತು. ಹಿಂದಿನ ದಿನದ್ದು ಬಿಚ್ಚಿದೆ, ಅದೂ ಅರ್ಧ. ಹಳೆಯ ಟೇಪುಗಳನ್ನು ಒಂದೊಂದಾಗಿ ಹಾಕಿ ನೋಡುತ್ತ ಹೋದರೆ ಒಂದು ವಾರದ್ದು ಪೂರ್ತಿ ಸರಿ, ಮುಂದಿನ ವಾರದ್ದು ಪೂರ್ತಿ ಕೆಟ್ಟದ್ದು, ಮತ್ತೆ ಒಂದು ವಾರ ಸರಿ. ನಂಜನಗೂಡು, ಬನ್ನೂರಿನವು ಚೆನ್ನಾಗಿದ್ದವು. ಪರದೆಯ ಮೇಲೆ ‘ಬಂತು’ ಎಂದು ಬರುತ್ತಿದ್ದದ್ದು ಸುಳ್ಳಲ್ಲ. ಕಳಿಸಿದ್ದು ಬರುತ್ತಿತ್ತು. ಕಳಿಸಿದ್ದೇ ಅರ್ಧ.

ತಂತಿಯ ದೋಷವೋ, ಡಿಸ್ಕಿನ ದೋಷವೋ ಎಂದು ತಲೆ ಚಿಟ್ಟುಹಿಡಿಯುವಷ್ಟು ಯೋಚಿಸಿದೆ. ದೋಷವಿರುವ ಯಂತ್ರ ವಾರ ಬಿಟ್ಟು ವಾರ ಯಾಕೆ ಕೆಡಬೇಕು? ಕೊನೆಗೆ ಕೆಟ್ಟ ವಾರ ನೋಡಿಕೊಂಡು ನರಸೀಪುರಕ್ಕೆ ಹೋಗಿ, ಊಟದ ಹೊತ್ತಿನಲ್ಲಿ ಸರ್ವರಿನ ಎದುರೇ ಕುರ್ಚಿ ಹಾಕಿಕೊಂಡು ಕೂತೆ. ಡೇಟಾ ಹೊಡೆಯುವ ಆಪರೇಟರ್ ಹುಡುಗಿ ಪಕ್ಕದಲ್ಲಿ ಡಬ್ಬಿ ಬಿಚ್ಚಿಕೊಂಡಿದ್ದಳು. ಯಂತ್ರ ಗಂಟು ಕಟ್ಟಲು ಶುರುಮಾಡಿತು. ಸ್ವಲ್ಪ ಹೊತ್ತಿಗೆ ಮೇಲಿನ ಬಲ್ಬು ಕೆಂಪಗೆ ಕುಂದಿತು. ಯುಪಿಎಸ್ ಒಮ್ಮೆ ಕೀರೆಂದಿತು. ಪರದೆ ಕಪ್ಪಾಗಿ, ಯಂತ್ರ ಆರಿ, ಮತ್ತೆ ತಾನೇ ಎದ್ದುಕೊಂಡಿತು. ಅದೇ ಹೊತ್ತಿಗೆ ಕಚೇರಿಯ ಹಿಂದಿನ ತೋಟ ಗದ್ದೆಗಳಿಂದೆಲ್ಲ ಪಂಪ್‌ಸೆಟ್ಟುಗಳು ಒಟ್ಟಿಗೆ ಗುಂಯ್‌ಗುಟ್ಟುವುದು ಕೇಳಿಸಿತು.

ಆಪರೇಟರ್ ಊಟ ನಿಲ್ಲಿಸಲೇ ಇಲ್ಲ. “ತ್ರೀ ಫೇಸ್ ಬಂತು ಸಾರ್. ಈ ವಾರ ಮಧ್ಯಾಹ್ನದ ಪಾಳಿ. ಬಂದಾಗ ಒಂದ್ಸಲ ಹಿಂಗಾಗ್ತದೆ, ಊಟ ಮುಗ್ಯೋಷ್ಟ್ರಲ್ಲಿ ಸರ್ಯಾಗಿರ್ತದೆ.”

“ಯಾಕಮ್ಮ ನಂಗೆ ಹೇಳ್ಲಿಲ್ಲ?”

“ಇದ್ನೂ ಹೇಳ್ಬೇಕಾ ಸಾರ್? ಎಲ್ಲ ಕಡೆ ಹಿಂಗೇ ಅಲ್ವಾ?”

ಅವಳದೇನೂ ತಪ್ಪಿರಲಿಲ್ಲ. ಹದಿನಾರು ಎಂಬ ನಮ್ಮೂರಿನ ಮನೆಯಲ್ಲೂ ಬಲ್ಬು ಹೀಗೇ ಕುಂದುತ್ತಿತ್ತು, ನಾವೂ ಯಾರಿಗೂ ಹೇಳಿರಲಿಲ್ಲ. ಪಂಪಿಗೆ ಬೇಕಾದ ತ್ರೀ ಫೇಸ್ ಕರೆಂಟು ಒಂದು ವಾರ ಬೆಳಿಗ್ಗೆ, ಒಂದು ವಾರ ಮಧ್ಯಾಹ್ನ ಎಂದು ಪಾಳಿಯ ಮೇಲೆ ಬರುತ್ತಿತ್ತು. ಕಾದು ಕೂರುವವರು ಯಾರು ಎಂದು ಎಲ್ಲರೂ ಪಂಪಿಗೆ ಆಟೋ ಸ್ಟಾರ್ಟರ್ ಹಾಕಿಸಿಕೊಂಡಿದ್ದರು. ಕರೆಂಟು ಬಂದ ಕ್ಷಣವೇ ಸೀಮೆಯ ಪಂಪುಗಳೆಲ್ಲ ಒಟ್ಟಿಗೆ ಎಳೆದುಕೊಳ್ಳುತ್ತಿದ್ದವು. ವೋಲ್ಟೇಜು ಪಾತಾಳಕ್ಕಿಳಿಯುತ್ತಿತ್ತು, ನರಸೀಪುರದ ಹಳೆಯ ಯುಪಿಎಸ್ ಕೈಚೆಲ್ಲುತ್ತಿತ್ತು, ಗಂಟು ಅರ್ಧಕ್ಕೇ ತುಂಡಾಗುತ್ತಿತ್ತು. ಮತ್ತೆ ಎದ್ದ ಯಂತ್ರ ಹೊತ್ತಿಗೆ ಸರಿಯಾಗಿ ಆ ಅರ್ಧವನ್ನೇ ಬಹಳ ನಿಯತ್ತಿನಿಂದ ಕಳಿಸಿಕೊಡುತ್ತಿತ್ತು.

ಲೈನ್‌ಮನ್ನನ್ನು ಹುಡುಕಿಕೊಂಡು ಹೋದೆ. ಕಂಬ ಇಳಿದು ಬಂದು ಕೈ ಒರೆಸಿಕೊಳ್ಳುತ್ತ ಸಮಾಧಾನವಾಗಿ ಕೇಳಿಸಿಕೊಂಡರು. “ಆಟೋ ತೆಗ್ಸಿ ಅಂತ ಏಳಿ ಏಳಿ ನಂಗೂ ಸಾಕಾಗೋಗದೆ ಸಾ. ಒಬ್ರೂ ಕೇಳದಿಲ್ಲ. ಎಲ್ರಿಗೂ ಒಟ್ಗೇ ಬೇಕು, ಅದ್ಕೆ ಯಾರ್ಗೂ ಸರ್ಯಾಗ್ ಸಿಕ್ಕದಿಲ್ಲ.”

“ಪಾಳಿ ಬದಲಾಗೋ ಹೊತ್ತು ಹೇಳಿದ್ರೆ ನಾನು ಅದನ್ನ ತಪ್ಪಿಸಿ ಇಟ್ಕೊತೀನಿ.”

“ಬೋರ್ಡಲ್ಲಿ ಬರ್ದಿರ್ತದೆ ಸಾ. ಬರ್ದಂಗೆ ನಡ್ಯದಿಲ್ಲ, ಅಷ್ಟೇಯ” ಎಂದು ನಕ್ಕರು. ಆದರೂ ಪಾಳಿ ಬದಲಾದ ದಿನವೆಲ್ಲ ನಮ್ಮ ಕಚೇರಿಗೆ ಹೇಳಿ ಕಳಿಸುತ್ತೇನೆಂದರು. ಹೇಳಿದಂತೆ ಕಳಿಸುತ್ತಲೂ ಇದ್ದರು, ಅವರಿಗೆ ಅದರಿಂದ ಬರುವುದೇನೂ ಇರಲಿಲ್ಲ.

ವಾಪಸ್ ಬರುವ ಬಸ್ಸಿನಲ್ಲಿ ಮೊದಲು ಹೊಸ ವೇಳೆ ಹಾಕುತ್ತ ಕೂತೆ. ಯಾವ ಹೊತ್ತು ಹಿಡಿದರೂ ಒಂದಲ್ಲ ಒಂದು ವಾರ ಕೆಡುತ್ತಿತ್ತು. ಆಗ ಗಡಿಯಾರವನ್ನೇ ಬಿಟ್ಟುಬಿಡೋಣ ಎನ್ನಿಸಿತು. ನಮ್ಮಪ್ಪ ಬೇರೆಯವರ ಗದ್ದೆಗೆ ನೀರು ಕಟ್ಟಲು ಕೂಲಿಗೆ ಹೋಗುತ್ತಿದ್ದವನು. ನಾಲೆಯ ಬಯಲಿನಲ್ಲಿ ಯಾರ ಕೈಯಲ್ಲೂ ವಾಚಿರಲಿಲ್ಲ. ಒಬ್ಬರದು ಮುಗಿದರೆ ಬದುವಿನ ಬಾಯಿ ಮುಚ್ಚಿ, “ನಂದಾಯ್ತು, ತಕ್ಕೊಳ್ರಪ್ಪೋ” ಎಂದು ಮುಂದಿನವರಿಗೆ ಕೂಗುವುದು. ಕೂಗು ಕೇಳಿದ ಮೇಲೇ ಅವರು ತಮ್ಮ ಬಾಯಿ ತೆರೆಯುವುದು. ಕರೆದಾಗ ಇಲ್ಲದವನಿಗೆ ಕೊನೆಯಲ್ಲಿ ಕೊಡುವುದು. ಅಪ್ಪ ಮಾತ್ರ ಕೂಗುವ ಮುಂಚೆ ಗದ್ದೆಯ ಆಚೆ ತುದಿಯವರೆಗೆ ನಡೆದು ಹೋಗಿ ನೋಡಿ ಬರುತ್ತಿದ್ದ. “ಮೂಲೆ ನೆಂದದೋ ಇಲ್ವೋ ನೋಡ್ದೆ ಕೂಗ್ಬಾರ್ದು ಕಣ್ಲಾ” ಎನ್ನುತ್ತಿದ್ದ. ಪುಸ್ತಕಗಳಲ್ಲಿ ಓದಿದ್ದನ್ನೆಲ್ಲ ಬದಿಗಿಟ್ಟು ನಾನು ಅಪ್ಪನ ಲೆಕ್ಕವನ್ನೇ ಬರೆಯಲು ಕೂತೆ.

ಮ್ಯಾನೇಜರಿಗೆ ಇದು ಹಿಡಿಸಲಿಲ್ಲ. “ಟೈಮ್ ಟೇಬಲ್ ಇಲ್ದೆ ಬಸ್ ಬಿಟ್ಟಂಗಾಯ್ತಲ್ರೀ. ನಾನು ಗೋಡೆ ಮೇಲೆ ಏನ್ ಬರೆಸ್ಲಿ?”

“ಇವತ್ತು ಯಾರ್ದು ಆಯ್ತು ಅಂತ ಬರೆಸಿ ಸರ್. ಯಾವಾಗ ಅನ್ನೋದು ಬೇಡ.”

“ಹೋಗ್ಲಿ, ನಂಜನಗೂಡನ್ನಾದ್ರೂ ಮೊದ್ಲು ಇಟ್ಕೊಳ್ರೀ, ಅದೇ ದೊಡ್ಡದು.”

“ದೊಡ್ಡದು ಕಾಯುತ್ತೆ ಸರ್. ನರಸೀಪುರದ ಹಳೇ ಯುಪಿಎಸ್ಸಿಗೆ ಕಾಯೋ ಶಕ್ತಿ ಇಲ್ಲ. ಅದು ಮೊದ್ಲು.”

ಅವರು ಗೋಡೆಯ ಕಡೆ ತಿರುಗಿದರು. ಆಮೇಲೆ ತಾವೇ ಎದ್ದು ಆ ಕಾಗದವನ್ನು ಕಿತ್ತು ನನ್ನ ಕೈಗೆ ಕೊಟ್ಟು, “ಕೆಟ್ರೆ ನಿಮ್ಮನ್ನೇ ಕೇಳ್ತೀನಿ ಕಣ್ರೀ” ಎಂದರು. ನಿಯಮ ಮೀರಿ ಯೋಚಿಸಲು ನನಗೆ ಬಿಟ್ಟ ಮೇಲಧಿಕಾರಿಗಳು ಹೆಚ್ಚಿಲ್ಲ, ಇವರೊಬ್ಬರು.

ಹೊಸ ಕ್ರಮದಲ್ಲಿ ಊರುಗಳು ಫೋನ್ ಮಾಡುವುದಿಲ್ಲ, ಕಾರ್ಖಾನೆಯೇ ಒಂದೊಂದನ್ನು ಕರೆಯುತ್ತದೆ. ಕರೆದು, ಗಂಟು ಕಟ್ಟು ಎನ್ನುತ್ತದೆ. ಊರಿನ ಯಂತ್ರ ಕಟ್ಟಿದ ಗಂಟನ್ನು ತಾನೇ ಕೊನೆಯವರೆಗೆ ಓದಿ ನೋಡಿ ಅದರೊಳಗಿನ ಅಕ್ಷರಗಳನ್ನೆಲ್ಲ ಕೂಡಿ ಬಂದ ಒಂದು ಮೊತ್ತ ಹೇಳುತ್ತದೆ. ತರಿಸಿಕೊಂಡ ಮೇಲೆ ಕಾರ್ಖಾನೆ ಅದೇ ಮೊತ್ತವನ್ನು ಮತ್ತೆ ತೆಗೆದು ನೋಡುತ್ತದೆ. ಎರಡೂ ತಾಳೆಯಾದರೆ ಮಾತ್ರ ‘ಆಯ್ತು’, ಆಮೇಲೆ ಮುಂದಿನ ಊರು. ತಾಳೆಯಾಗದಿದ್ದರೆ ಬಿಟ್ಟು ಮುಂದೆ ಹೋಗಿ, ಎಲ್ಲರದೂ ಮುಗಿದ ಮೇಲೆ ಮತ್ತೆ ಬರುತ್ತದೆ. ಇದೂ ಮೊದಲ ಸಲಕ್ಕೇ ನಡೆಯಲಿಲ್ಲ. ಬನ್ನೂರು ನಡುವೆ ಮಾತು ನಿಲ್ಲಿಸಿದ ಒಂದು ದಿನ ಕಾರ್ಖಾನೆಯ ಯಂತ್ರ ಅದರ ಉತ್ತರಕ್ಕೆ ಸಂಜೆಯವರೆಗೂ ಕಾದು ಕೂತಿತ್ತು, ಅದರ ಹಿಂದಿದ್ದ ನಂಜನಗೂಡಿಗೆ ಉಪವಾಸ. ಎಷ್ಟು ಹೊತ್ತು ಕಾಯಬೇಕೆಂಬುದಕ್ಕೂ ಒಂದು ಮಿತಿ ಹಾಕಿದೆ. ದೀಪಾವಳಿಯ ಹೊತ್ತಿಗೆ ಎಲ್ಲ ಹದಕ್ಕೆ ಬಂತು. ಮೊದಲ ಪೂರ್ತಿ ಗಂಟಿನಿಂದ ಆ ಬೆಳೆಗಾರ್ತಿಯ ಸಾಲನ್ನು ಮುದ್ರಿಸಿ ಕಳಿಸಿದೆ. ಆಪರೇಟರ್ ಓದಿ ಹೇಳಿದಳಂತೆ, ಅವರು ಎರಡು ಸಲ ಓದಿಸಿಕೊಂಡರಂತೆ.

ಸಂಕ್ರಾಂತಿ ಹತ್ತಿರವಾದಾಗ ನರಸೀಪುರದ ಸೂಪರ್‌ವೈಸರು ಗದ್ದೆ ಗದ್ದೆ ಸುತ್ತಿ, ಯಾರ ಕಬ್ಬಿಗೆ ಗಾಡಿ ದಾರಿ ಯಾವಾಗ ಬಿಡುವಾಗುತ್ತದೆಂದು ವಿಚಾರಿಸಿಕೊಂಡು ಬಂದರು. ಒಂದು ಬೆಳಿಗ್ಗೆ ಆಪರೇಟರಿನ ಪಕ್ಕ ಕೂತು, ಬಾಯಲ್ಲಿ ಹೇಳುತ್ತ ಸರದಿಯನ್ನು ತಿದ್ದಿಸಿದರು. ಮಾರನೆಯ ಬೆಳಿಗ್ಗೆ ಅವಳ ಫೋನು ಬಂತು.

“ಸಾರ್, ಸರ್ವರ್ ಕಟಕಟ ಅಂತದೆ. ಏಳ್ತಾನೇ ಇಲ್ಲ. ಇವತ್ತೇ ಚೀಟಿ ಬರೀಬೇಕಿತ್ತು.”

ಡಿಸ್ಕು ಸತ್ತಿತ್ತು. ಹಿಂದಿನ ದಿನದ ವಿವರ ತೆಗೆದು ನೋಡಿದೆ. ನರಸೀಪುರ, ಮೊದಲ ಸುತ್ತು: ತಾಳೆಯಾಗಲಿಲ್ಲ. ಪಾಳಿ ಬದಲಾದ ದಿನ ಅದು; ಸರಿಯಾಗಿ ಗಂಟು ಕಟ್ಟುವಾಗ ಪಂಪುಗಳು ಎದ್ದಿದ್ದವು. ಕೆಳಗಿನ ಸಾಲುಗಳನ್ನು ಓದಿದೆ. ಬನ್ನೂರು ಆಯ್ತು. ನಂಜನಗೂಡು ಆಯ್ತು. ನರಸೀಪುರ, ಎರಡನೆಯ ಸುತ್ತು: ಆಯ್ತು.

ಟೇಪ್ ಯಂತ್ರವನ್ನು ಬಿಚ್ಚಿ, ಬೆಡ್‌ಶೀಟಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಹೊಸ ಡಿಸ್ಕು ಮೈಸೂರಿನಿಂದ ಬಂತು. ಅದನ್ನು ಕೂರಿಸಿ, ಯುನಿಕ್ಸ್ ಹಾಕಿ, ಟೇಪಿನಿಂದ ಗಂಟು ಬಿಚ್ಚಿ, ಮೊತ್ತವನ್ನು ಮತ್ತೊಮ್ಮೆ ತಾಳೆ ನೋಡುವಷ್ಟರಲ್ಲಿ ಹೊತ್ತು ಇಳಿದಿತ್ತು. ನಾನು ಹೇಳುವ ಮುಂಚೆಯೇ ಆಪರೇಟರ್ ಆ ಬೆಳೆಗಾರ್ತಿಯ ಹೆಸರು ಹೊಡೆದು ಹುಡುಕಿದಳು. ನಾಟಿಯ ದಿನ, ಹಿಂದಿನ ಬೆಳಿಗ್ಗೆ ತಿದ್ದಿದ್ದ ಸರದಿ, ಎಲ್ಲ ಇದ್ದಲ್ಲೇ ಇತ್ತು. “ಐತೆ ಸಾರ್” ಎಂದಳು, ಅವಳ ಕಣ್ಣಲ್ಲಿ ನೀರಿತ್ತು. ಆ ದಿನ ಹೊಡೆಯಬೇಕಿದ್ದ ಹೊಸ ವಿವರಗಳನ್ನೆಲ್ಲ ಹೊಡೆದು ಮುಗಿಸಿ, ಚೀಟಿಗಳನ್ನು ಮುದ್ರಿಸಿದ ಮೇಲೇ ಅವಳು ಎದ್ದದ್ದು.

ಅವರೆಲ್ಲರಿಗೂ ನಾನು ಋಣಿ. ಟವೆಲ್ ಹಾಕಿದವರಿಗೆ, ಪಾಳಿ ಹೇಳಿ ಕಳಿಸಿದವರಿಗೆ, ಗೋಡೆಯ ಕಾಗದ ಕಿತ್ತವರಿಗೆ, ಆ ಆಪರೇಟರಿಗೆ, ಅಪ್ಪನಿಗೆ. ಎಲ್ಲಕ್ಕಿಂತ ಹೆಚ್ಚಾಗಿ, ತೋರಿಸು ಎಂದು ಪಟ್ಟು ಹಿಡಿದವರಿಗೆ. ಅವರು ನನ್ನ ಮಾತನ್ನು ಸುಮ್ಮನೆ ನಂಬಿಬಿಟ್ಟಿದ್ದರೆ ಅವರ ಕಬ್ಬು ಎರಡನೆಯ ವರ್ಷವೂ ನಿಂತಲ್ಲೇ ಒಣಗುತ್ತಿತ್ತು.

ಅವರ ಕಟಾವಿನ ದಿನ ಗದ್ದೆ ಸುತ್ತಲು ಹೊರಟಿದ್ದ ಸೂಪರ್‌ವೈಸರ ಬೈಕಿನ ಹಿಂದೆ ನಾನೂ ಕೂತು ಹೋದೆ. ನನಗೆ ಅಲ್ಲಿ ಕೆಲಸವೇನೂ ಇರಲಿಲ್ಲ, ನೋಡಬೇಕು ಅನಿಸಿತ್ತು. ನಾಲೆಗೆ ಆಗಲೇ ನೀರು ಬಂದಿತ್ತು. ಪಕ್ಕದ ಗದ್ದೆಯವನು ಗುದ್ದಲಿ ಹಿಡಿದು ಬದುವಿನ ಮೇಲೆ ನಿಂತಿದ್ದ. ತನ್ನ ಗದ್ದೆಗೆ ನೀರು ಬಿಟ್ಟುಕೊಳ್ಳದೆ ಕಾಯುತ್ತಿದ್ದ. ಕಬ್ಬು ಹೇರಿದ ಗಾಡಿ ಅವನ ಗದ್ದೆಯ ಒಣಗಿದ ಭತ್ತದ ಕೂಳೆಯ ಮೇಲೆ ಮೆಲ್ಲಗೆ ದಾಟುತ್ತಿತ್ತು.

“ಇನ್ನೆಷ್ಟವೆಯಕ್ಕಾ?” ಎಂದು ಕೂಗಿದ.

“ಇದೇ ಕೊನೇದು ಕಣ್ಲಾ!”

ಗಾಡಿ ರಸ್ತೆ ಹತ್ತುವವರೆಗೂ ಅವನು ಕಾದ. ಆಮೇಲೆ ಗುದ್ದಲಿ ಎತ್ತಿ ಬದು ಒಡೆದ.

ಅವರು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದರು. ಡಿಸ್ಕು ಹೋದದ್ದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

“ಪೆಟ್ಗೆ ಚೆಂದಾಗದಾ?” ಎಂದರು.

“ಚೆನ್ನಾಗೈತೆ ಕಣವ್ವ.”

“ಅಂಗಾರೆ ಕೂಳೆ ಬುಡ್ತೀನಿ. ಮೇಲ್ಗಡೆ ತುಂಡ್ಗೂ ಕಬ್ಬೇ ಆಕ್ತೀನಿ. ಬರ್ಕೊ.”

ಕಚೇರಿಗೆ ವಾಪಸ್ ಬಂದು, ಅವರ ಹೆಸರಿನ ಕೆಳಗೆ ಅದನ್ನು ನಾನೇ ಕೂತು ಹೊಡೆದೆ. ಮಧ್ಯಾಹ್ನ ಕರೆ ಬಂದಾಗ ಅದರ ಪ್ರತಿಯೂ ನಂಜನಗೂಡಿನ ಕಾರ್ಖಾನೆಗೆ ಹೋಯಿತು.